ಸುಲೇಪೇಟದ ಪುಂಡಿಪಲ್ಯ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಸುಲೇಪೇಟವು ತೊಗರಿಯ ಸೀಮೆಗೆ ಸೇರಿದ ಊರು. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆಯು ಇಲ್ಲಿಯ ಅಡುಗೆಮನೆಗಳಲ್ಲಿ ಹುಳಿಯಾದ ಪುಂಡಿಸೊಪ್ಪಿನೊಡನೆ ಕೂಡಿ ಪಲ್ಯವಾಗುತ್ತದೆ.

ಗೃಹಿಣಿಯರು ಮೊದಲು ಬೇಳೆಯನ್ನೂ ಜೋಳದ ನುಚ್ಚನ್ನೂ ಬೇಯಿಸುತ್ತಾರೆ. ಹುಳಿಯೊಡನೆ ಬೇಳೆ ಬೇಗ ಮೆತ್ತಗಾಗದು; ಆದುದರಿಂದ ಸೊಪ್ಪನ್ನು ಬೇರೆಯಾಗಿ ಬೇಯಿಸಿ, ನೀರು ಬಸಿದು, ಹಸಿಮೆಣಸಿನಕಾಯಿ ಸೇರಿಸಿ, ಎಲ್ಲವನ್ನೂ ಕೂಡಿಸಿ ಮಸೆಯುತ್ತಾರೆ. ಕೊನೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ. ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ.

ಅದೇ ರೊಟ್ಟಿಯನ್ನು ಒಣಗಿಸಿದರೆ ಖಡಕ್ ರೊಟ್ಟಿ. ದುಡಿಮೆಗಾಗಿ ಹೈದರಾಬಾದು, ಮುಂಬಯಿಗಳಿಗೆ ಹೊರಟವರ ಗಂಟಿನಲ್ಲಿ ಶೇಂಗಾ ಹಿಂಡಿಯೊಡನೆ ಅದು ವಾರಗಟ್ಟಲೆ ಬಾಳುತ್ತದೆ. ಪುಂಡಿಪಲ್ಯವು ಮಾತ್ರ ಅಷ್ಟು ದೂರ ಬಾರದು. ಅದರ ರುಚಿ ಬೇಕೆಂದವರು ಊರಿಗೇ ಮರಳಬೇಕು. ಅವರ ದಾರಿ ಕಾಯುವ ತಾಯಂದಿರಿಗೆ ಅಷ್ಟೇ ಭರವಸೆ.