ನಾಲ್ಕು ಸ್ಲಾಟು, ಎರಡೇ ರ‍್ಯಾಮು

ಸುರಪುರ, ಶಹಾಪುರ ಸುತ್ತಿ ತಂದ ವಿಡಿಯೊಗಳನ್ನು ಯಾದಗಿರಿಯಲ್ಲಿ ಕೂತು ಎಡಿಟ್ ಮಾಡುತ್ತೇನೆ. ಬೋನಾಳ ಕೆರೆಯ ಹಕ್ಕಿಗಳ 4ಕೆ ವಿಡಿಯೊ ಹಾಕಿದರೆ ಹಳೆ ಕಂಪ್ಯೂಟರ್ ನಿಂತೇಬಿಡುತ್ತದೆ. ಸುದ್ದಿಗಿಷ್ಟು ಅಂತ ದುಡಿಯುವವರು ಇಂಥದ್ದನ್ನು ಪದೇ ಪದೇ ಕೊಳ್ಳಲಾಗದು. ಅದಕ್ಕೇ ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಎಲ್ಲಾ ಓದಿಕೊಂಡೆ.

"ಇದ್ದ ಡಿಡಿಆರ್4 ರ‍್ಯಾಮನ್ನೇ ಹಾಕಪಾ" ಅಂದ ಗೆಳೆಯ. ಆಗುವುದಿಲ್ಲ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಿದರೆ ಸ್ಲಾಟ್ ಮುರಿದೀತು. ಎಎಂಡಿಯ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಇಂಟೆಲ್ 12, 13, 14ನೇ ತಲೆಮಾರಿನ ಬೋರ್ಡುಗಳು ಎರಡೂ ಬಗೆಯಲ್ಲಿ ಬಂದಿವೆ, ಡಬ್ಬಿ ಓದಿಯೇ ಕೊಳ್ಳಿ.

ನಾಲ್ಕು ಸ್ಲಾಟ್ ಇವೆಯೆಂದು ನಾಲ್ಕೂ ತುಂಬಬೇಡಿ. ಡಿಡಿಆರ್5ರಲ್ಲಿ ಹಾಗೆ ತುಂಬಿದರೆ ಸಾಮಾನ್ಯವಾಗಿ ವೇಗ ಇಳಿಯುತ್ತದೆ. 16 ಜಿಬಿಯ ಎರಡು, ಒಂದೇ ಡಬ್ಬಿಯ ಜೋಡಿ ಕೇಳಿ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಪರೀಕ್ಷಿಸಿದ ರ‍್ಯಾಮುಗಳ ಪಟ್ಟಿ ಇರುತ್ತದೆ, ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ನೋಡಬಹುದು. ಡಬ್ಬಿ ಮೇಲೆ 6000 ಅಂತಿದ್ದರೂ ಆ ವೇಗ ತಾನಾಗಿ ಬರುವುದಿಲ್ಲ. ಬಯಾಸಿನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಬೇಕು.

ಬಣ್ಣದ ಲೈಟು ಮಿನುಗುವ ದುಬಾರಿ ಬೋರ್ಡ್ ನಾನು ಬಿಟ್ಟೆ. ಉಳಿದ ದುಡ್ಡು ಯುಪಿಎಸ್‌ಗೆ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಕತೆ ನಿಮಗೂ ಗೊತ್ತಲ್ಲ.