ಘಟ್ಟಕ್ಕೋ ಬೆಂಗಳೂರಿಗೋ, ಲಂಡನ್ನಿಗೋ ಜರ್ಮನಿಗೋ

ನಮ್ಮ ಹಟ್ಟಿಯಿಂದ ಪರಸ್ಥಳಕ್ಕೆ ಹೋಗೋದು ಹೊಸ ಸಂಗತಿ ಅಲ್ಲ. ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದು ಕಣ ಬರಿದಾದರೆ ಎ.ಕೆ. ಕಾಲೋನಿಯ ಅರ್ಧ ಮನೆಗಳಿಗೆ ಬೀಗ ಬೀಳ್ತಿತ್ತು. ಬೀಗ ಅಂದರೆ ಕಬ್ಬಿಣದ್ದಲ್ಲ, ಚಿಲಕಕ್ಕೆ ಸಿಕ್ಕಿಸಿದ ಒಂದು ಕಡ್ಡಿ. ಒಳಗೆ ಕದಿಯೋಕೆ ಏನಿತ್ತು? ನಮ್ಮಪ್ಪನ ಕಾಲಕ್ಕೆ ಹೋಗೋಕೆ ಎರಡೇ ದಿಕ್ಕು. ಒಂದು ಘಟ್ಟ, ಅಂದರೆ ಚಿಕ್ಕಮಗಳೂರು ಕಡೆಯ ಕಾಫಿ ತೋಟ. ಇನ್ನೊಂದು ಬೆಂಗಳೂರು, ಅಂದರೆ ಗಾರೆ ಕೆಲಸ. ಘಟ್ಟದಲ್ಲಿ ಮಳೆ, ಜಿಗಣೆ, ಚಳಿಜ್ವರ. ಆದರೆ ಮುಂಗಡ ಮನೆ ಬಾಗಿಲಿಗೇ ಬರ್ತಿತ್ತು. ಬೆಂಗಳೂರಲ್ಲಿ ಜಿಗಣೆ ಇಲ್ಲ, ಮುಂಗಡವೂ ಇಲ್ಲ. ಅಪ್ಪ ಘಟ್ಟ ಆರಿಸಿಕೊಂಡ. ಆರಿಸಿಕೊಂಡ ಅಂತ ಬರೆದದ್ದು ತಪ್ಪು. ಮೇಸ್ತ್ರಿ ಕೊಟ್ಟ ದುಡ್ಡು ಅಕ್ಕನ ಮದುವೆಗೆ ಖರ್ಚಾಗಿತ್ತು, ಕಾಲು ತಾವೇ ಘಟ್ಟ ಹತ್ತಿದವು.

ಮಾರಿಕಣಿವೆ ನಮ್ಮ ತಾಲ್ಲೂಕಲ್ಲೇ ಇದೆ. 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಜನ ಬಾಗಿನ ಬಿಟ್ಟರು, ಜಾತ್ರೆ ಮಾಡಿದರು. ನಾವೂ ನೋಡೋಕೆ ಹೋಗಿದ್ದೆವು. ನೋಡೋಕೆ ಚೆಂದ. ಆದರೆ ನಾಲೆ ನೀರು ಹರಿಯೋ ಹೊಲದಲ್ಲಿ ನಮ್ಮದು ಒಂದು ಗುಂಟೆಯೂ ಇಲ್ಲ.

ಈಗ ಆ ಅಪ್ಪನ ಮೊಮ್ಮಗಳ ಮುಂದೆ ಎರಡು ದೇಶ ಬಂದು ಕೂತಿವೆ. ನಮ್ಮ ತಮ್ಮನ ಮಗಳು. ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದಳು. ಈಗ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗೆ 22,000 ರೂಪಾಯಿಗೆ ರಾತ್ರಿ ಪಾಳಿ ಮಾಡ್ತಾಳೆ. ಲಂಡನ್ನಿಗೆ ಹೋಗಲೋ ಜರ್ಮನಿಗೆ ಹೋಗಲೋ ಅಂತ ಅವಳು ಕೇಳಿದಾಗ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಎರಡಕ್ಕೂ ಬಸ್ಸು ಎಲ್ಲಿಂದ ಅಂತ ಗೊತ್ತಿದ್ದರೆ ತಾನೆ!

ಒಂದು ಭಾನುವಾರ ಹಿರಿಯೂರಿನ ತಮ್ಮನ ಮನೆಯಲ್ಲಿ ಸೇರಿದೆವು. ಹೊಸದುರ್ಗದಿಂದ ಅಣ್ಣ ಬಂದ, ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಹೊಳಲ್ಕೆರೆಯಿಂದ ಅಕ್ಕ ಬಂದಳು, ಅಡಿಕೆ ಸುಲಿದು ಸುಲಿದು ಬೆರಳು ಕಪ್ಪಾಗಿವೆ. ಅವ್ವ ಗೋಡೆಗೆ ಒರಗಿ ಕೂತಳು. ಹುಡುಗಿ ಎರಡು ಕಟ್ಟು ಕಾಗದ ಚಾಪೆ ಮೇಲೆ ಹರವಿದಳು.

ಇಂಗ್ಲೆಂಡಿಗಾದರೆ ಭಾಷೆ ಹೊಸದಾಗಿ ಕಲಿಯೋದು ಬೇಡ, ಇಂಗ್ಲಿಷ್ ಪರೀಕ್ಷೆ ಪಾಸಾದರೆ ಆಯ್ತು. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಪರೀಕ್ಷೆ, ಆಗ ನರ್ಸ್ ಅಂತ ನೋಂದಣಿ. ಜರ್ಮನಿಗಾದರೆ ಮೊದಲು ಜರ್ಮನ್ ಭಾಷೆ, ಬಿ1 ಮುಗಿಸಿ ಬಿ2 ತನಕ. ಕೆಲಸ ಮಾಡ್ಕೊಂಡು ಕಲಿತರೆ ವರ್ಷದ ಮೇಲೇ ಬೇಕು. ನಮ್ಮ ಪದವಿಯನ್ನು ಅವರು ತಮ್ಮ ಪದವಿಗೆ ಸಮ ಅಂತ ಒಪ್ಪೋವರೆಗೆ ಸಹಾಯಕಿಯಾಗಿ ಕಡಿಮೆ ಸಂಬಳಕ್ಕೆ ದುಡಿಬೇಕು. ಒಪ್ಪಿಕೊಂಡ ಮೇಲೆ ದಾರಿ ಹತ್ತಿರ. 2023ರ ನವೆಂಬರಿನಿಂದ ಅಲ್ಲಿ ಕುಶಲ ಕೆಲಸಗಾರರು ಮೂರು ವರ್ಷಕ್ಕೆ ಕಾಯಂ ವಾಸದ ಪರವಾನಗಿ ಕೇಳಬಹುದು. ಇಂಗ್ಲೆಂಡಿನಲ್ಲಿ ಐದು ವರ್ಷದ ಲೆಕ್ಕ ಇತ್ತು, ಅದನ್ನು ಹತ್ತಕ್ಕೆ ಏರಿಸುವ ಪ್ರಸ್ತಾವ 2025ರ ಮೇನಲ್ಲಿ ಹೊರಟಿತು. ಮುದುಕರನ್ನು ನೋಡಿಕೊಳ್ಳುವ ಆಳುಗಳನ್ನು ಹೊರದೇಶದಿಂದ ಕರೆಸೋದನ್ನು ಅದೇ ವರ್ಷ ಜುಲೈನಲ್ಲಿ ನಿಲ್ಲಿಸಿಯೇಬಿಟ್ಟರು. ನರ್ಸುಗಳಿಗೆ ಬಾಗಿಲು ಮುಚ್ಚಲಿಲ್ಲ. ಜರ್ಮನಿಯವರೋ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾವನ್ನು 90,000ಕ್ಕೆ ಏರಿಸ್ತೀವಿ ಅಂತ 2024ರ ಅಕ್ಟೋಬರಿನಲ್ಲಿ ಹೇಳಿದರು. ಒಂದು ಕಡೆ ಬೇಲಿ ಕಟ್ಟುತ್ತಾರೆ, ಒಂದು ಕಡೆ ಕಿತ್ತು ಕರೀತಾರೆ. ಎರಡೂ ಅವರವರ ಮನೆಯ ಲೆಕ್ಕ, ನಮ್ಮ ಮೇಲಿನ ಪ್ರೀತಿ ಅಲ್ಲ.

ಕಾಗದ ಓದ್ತಾ ಹೋದ ಹಾಗೆ ಒಂದು ಕಡೆ ಹುಡುಗಿಯ ದನಿ ಇಳೀತು. ಮೂರು ವರ್ಷ ತುಂಬೋ ಮೊದಲು ಕೆಲಸ ಬಿಟ್ಟರೆ ವಿಮಾನದ ಟಿಕೆಟ್ಟು, ವೀಸಾ ಶುಲ್ಕ, ಪರೀಕ್ಷೆ ಖರ್ಚು ಎಲ್ಲ ವಾಪಸು ಕಟ್ಟಬೇಕು. ಇನ್ನೊಂದು ಕಟ್ಟಿನಲ್ಲೂ ಅದೇ ಮಾತು, ಭಾಷೆ ಕಲಿಸಿದ ಖರ್ಚು ಅನ್ನೋ ಹೆಸರಲ್ಲಿ. ಅವ್ವ ಅಲ್ಲಿವರೆಗೂ ಸುಮ್ಮನಿದ್ದವಳು ಕೇಳಿದಳು:

‘ಎಲ್ಡರಾಗೂ ಮುಂಗಡ ಐತೇನವ್ವ?’

‘ಹೂಂ ಅಜ್ಜಿ.’

‘ಅಂಗಾರೆ ಮೇಸ್ತ್ರಿ ಅಲ್ಲೂ ಅವ್ನೆ ಬಿಡು.’

ಯಾರೂ ನಗಲಿಲ್ಲ. ಜೀತ ರದ್ದು ಮಾಡೋ ಕಾಯ್ದೆ 1976ರಲ್ಲಿ ಬಂತು. ಅಪ್ಪ ಅದಾದ ಮೇಲೂ ಎಷ್ಟೋ ವರ್ಷ ಮುಂಗಡ ತೀರಿಸೋಕೆ ಘಟ್ಟ ಹತ್ತಿದ. ಓದಿದ ಮಗಳ ಕೈಯಲ್ಲಿ ಅದೇ ಮುಂಗಡ ಇಂಗ್ಲಿಷಿನಲ್ಲಿ ಟೈಪಾಗಿ ಬಂದಿದ್ದು ನೋಡಿ ಹೊಟ್ಟೆ ತೊಳಸಿತು. ಜರ್ಮನಿಗೆ ಕಳಿಸ್ತೀನಿ ಅಂದ ಏಜೆಂಟು ತನ್ನ ಪಾಲಿಗೆ ಬೇರೆ ನಾಲ್ಕು ಲಕ್ಷ ಕೇಳಿದ್ದ. ಕಾನೂನು ಪ್ರಕಾರ ನೋಂದಾಯಿತ ಏಜೆಂಟು 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಬಿಟ್ಟು ಹೆಚ್ಚು ತಗೊಳ್ಳೋ ಹಾಗಿಲ್ಲ. ಹುಡುಗಿ ಆ ನಿಯಮ ತೋರಿಸಿದ ಮೇಲೆ ಅವನು ಫೋನು ಎತ್ತೋದೇ ಬಿಟ್ಟ.

ದುಡ್ಡಿನ ಮಾತು ಇಷ್ಟೇ ಆಗಿದ್ದರೆ ಅಷ್ಟು ಹೊತ್ತು ಕೂರಬೇಕಿರಲಿಲ್ಲ. ಅಣ್ಣ ಲಂಡನ್ನೇ ಸರಿ ಅಂದ. ಅಲ್ಲಿ ನಮ್ಮೋರವರೆ, ರವಿದಾಸಿಗಳವರೆ, ಅಂಬೇಡ್ಕರ್ ಸಂಘಗಳವೆ, ಬಾಬಾಸಾಹೇಬರು ಇದ್ದ ಮನೆ ಐತೆ, ಕಷ್ಟ ಬಂದರೆ ಬಾಗಿಲು ತಟ್ಟಬಹುದು ಅಂತ. ಹೌದು, ಕಿಂಗ್ ಹೆನ್ರಿಸ್ ರಸ್ತೆಯ ಆ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡುಕೊಂಡಿತು. ಅದೇ ವರ್ಷ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆಯನ್ನೂ ನಿಲ್ಲಿಸಿದರು. ಲಂಡನ್ನಿನ ಬಸವಣ್ಣನನ್ನು ಯಾರು ಬೇಕಾದರೂ ಮುಟ್ಟಬಹುದು, ನಮ್ಮೂರ ಬಸವಣ್ಣನ ಗುಡಿಯಲ್ಲಿ ನಾವು ಇವತ್ತಿಗೂ ಹೊಸ್ತಿಲ ಆಚೆ.

ಹುಡುಗಿ ತಲೆ ಅಲ್ಲಾಡಿಸಿದಳು. ‘ದೊಡ್ಡಪ್ಪ, ನಮ್ಮೋರು ಇದ್ದಾರೆ ಅಂದರೆ ಅವರೂ ಇದ್ದಾರೆ ಅಂತಲೇ ಅಲ್ವಾ?’

ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ‘ವೆಜ್ಜಾ?’ ಅಂತ ಶುರುವಾದ ಮಾತು ಯಾವೂರು, ಊರಲ್ಲಿ ಯಾವ ಕಡೆ ಮನೆ ಅನ್ನೋಲ್ಲಿಗೆ ಬಂದು ನಿಲ್ಲೋದನ್ನು ಅವಳು ಕಂಡಿದ್ದಾಳೆ. ಇಂಗ್ಲೆಂಡಿನಲ್ಲೂ ಅದು ತಲುಪಿದೆ. ಜಾತಿ ತಾರತಮ್ಯವನ್ನು ಸಮಾನತೆಯ ಕಾಯ್ದೆಯೊಳಗೆ ಸೇರಿಸಬೇಕು ಅಂತ ಅಲ್ಲಿನ ಪಾರ್ಲಿಮೆಂಟು 2013ರಲ್ಲಿ ಒಪ್ಪಿತು. 2018ರಲ್ಲಿ ಸರ್ಕಾರ ಅದು ಬೇಡ, ಕೋರ್ಟುಗಳ ತೀರ್ಪೇ ಸಾಕು ಅಂತ ಕೈಬಿಟ್ಟಿತು. ಬಿಹಾರದಿಂದ ಮನೆಗೆಲಸಕ್ಕೆ ಕರೆದೊಯ್ದ ಆದಿವಾಸಿ ಹೆಣ್ಣುಮಗಳೊಬ್ಬಳನ್ನು ಭಾರತೀಯ ಮೂಲದ ಕುಟುಂಬವೊಂದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಂಟೆಗೆ 11 ಪೆನ್ಸಿಗೆ ದುಡಿಸಿಕೊಂಡ ಮೊಕದ್ದಮೆ ಅಲ್ಲೇ ನಡೆಯಿತು. 2015ರಲ್ಲಿ ನ್ಯಾಯಮಂಡಳಿ ಅವಳಿಗೆ 1,83,000 ಪೌಂಡಿಗೂ ಹೆಚ್ಚು ಬಾಕಿ ಕೂಲಿ ಕೊಡಿಸಿತು. ವಿಮಾನ ಹತ್ತೋವಾಗ ಜನ ಉಪ್ಪಿನಕಾಯಿ ಕಟ್ಟಿಕೊಳ್ತಾರಲ್ಲ, ಜಾತೀನೂ ಅದೇ ಗಂಟಿನಲ್ಲಿರುತ್ತೆ.

ಜರ್ಮನಿಯ 2006ರ ಕಾಯ್ದೆಯಲ್ಲಿ ಜಾತಿ ಅನ್ನೋ ಪದವೇ ಇಲ್ಲ. ಅಲ್ಲಿ ಮೈಬಣ್ಣ ನೋಡೋರು ಇದ್ದಾರೆ, ಅದನ್ನು ನಾವು ಮುಚ್ಚಿಡಲಿಲ್ಲ. ಅದಕ್ಕೆ ಅವಳು ಅಂದಳು: ‘ಬಣ್ಣ ನೋಡಿ ಬೈದರೆ ಕಣ್ಣಿಗೆ ಕಾಣೋದಕ್ಕೆ ಬೈತಾರೆ, ತಿರುಗಿ ಬೈಬೋದು. ಕಾಣದೇ ಇರೋದನ್ನ ಕೆದಕಿ ಕೆದಕಿ ಕೇಳೋರ ಮಧ್ಯೆ ನಂಗೆ ಸಾಕಾಗೈತೆ.’

ಬಾಬಾಸಾಹೇಬರ ಮನೆಯ ಮಾತೆತ್ತಿದ ಅಣ್ಣನಿಗೆ ಅವಳ ಹತ್ತಿರ ಇನ್ನೊಂದು ಉತ್ತರವೂ ಇತ್ತು. ಬಾಬಾಸಾಹೇಬರು 1921ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ತಾವೇ ಜರ್ಮನ್ ಭಾಷೆಯಲ್ಲಿ ಪತ್ರ ಬರೆದು ಪ್ರವೇಶ ಕೇಳಿದ್ದರು. 1922ರಲ್ಲಿ ಅಲ್ಲಿ ಹೆಸರೂ ಹಚ್ಚಿಸಿದ್ದರು. ತರಗತಿಗೆ ಬರಲಿಲ್ಲ ಅಂತ ಮುಂದಿನ ವರ್ಷ ಹೆಸರು ಹೊಡೆದರು, ಡಿ.ಎಸ್ಸಿ. ಲಂಡನ್ನಿನಲ್ಲೇ ಆಯಿತು. ಅವರಿಗೂ ಎರಡು ದೇಶದ ನಡುವೆ ಓಡಾಟ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ. ಅಮೆರಿಕ, ಲಂಡನ್ ಎರಡೂ ಓದಿ 1917ರಲ್ಲಿ ಬರೋಡಕ್ಕೆ ಬಂದವರಿಗೆ ತಲೆ ಇಡೋಕೆ ಮನೆ ಸಿಗಲಿಲ್ಲ, ಪಾರ್ಸಿ ಛತ್ರದಿಂದಲೂ ಓಡಿಸಿದರು. ಅದನ್ನೆಲ್ಲ ಬರೆದ ಅವರ ಪುಟ್ಟ ಪುಸ್ತಕದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಹೊಸದುರ್ಗದ ಅಣ್ಣ ಇದನ್ನು ಕೇಳಿ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ.

ಆ ದಿನ ಎರಡೂ ಕಾಗದಕ್ಕೆ ರುಜು ಬೀಳಲಿಲ್ಲ. ಮುಂಗಡದ ಷರತ್ತು ತೆಗೆಯದಿದ್ದರೆ ಬರೋದಿಲ್ಲ ಅಂತ ಬರೆದು ವಾಪಸು ಕಳಿಸಿದಳು. ಸರ್ಕಾರದ ಕೌಶಲ್ಯ ನಿಗಮದಲ್ಲಿ ಹೊರದೇಶಕ್ಕೆ ಕಳಿಸುವ ಕೇಂದ್ರವೊಂದಿದೆ, ಅಲ್ಲಿಗೂ ಅರ್ಜಿ ಹಾಕಿದ್ದಾಳೆ. ಹಾಕಿಕೊಂಡೇ ಜರ್ಮನ್ ತರಗತಿಗೂ ಸೇರಿದಳು. ಮನೆಯಲ್ಲಿ ನಮ್ಮದು ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಇದು ಐದನೇದು. ಡೇರ್, ಡೀ, ಡಾಸ್ ಅಂತ ಕನ್ನಡ ಅಕ್ಷರದಲ್ಲೇ ಬರೆದುಕೊಂಡು ರಾತ್ರಿ ಪಾಳಿಯಲ್ಲಿ ಬಾಯಿಪಾಠ ಮಾಡ್ತಾಳೆ. ಚಮಚ ಗಂಡಂತೆ, ಫೋರ್ಕು ಹೆಣ್ಣಂತೆ, ಚಾಕು ಎರಡೂ ಅಲ್ಲವಂತೆ.

ಹೊಳಲ್ಕೆರೆ ಅಕ್ಕನಿಗೆ ಯಾವ ದೇಶವೂ ಒಪ್ಪಿಗೆ ಇಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲೇ ಒಬ್ಬಳು ನರ್ಸು ಇಟ್ಟುಕೊಂಡು ಸೂಜಿ ಹಾಕಿಸಿಕೊಳ್ಳೋಕೆ ಹಿರಿಯೂರಿನ ಆಸ್ಪತ್ರೆ ಮುಂದೆ ಸಾಲು ನಿಲ್ಲಬೇಕಾ ಅಂತ ಪ್ರತಿ ಸಲ ಕೇಳ್ತಾಳೆ. ಆ ಮಾತಿಗೆ ಉತ್ತರ ನಮ್ಮ ಹತ್ತಿರವೂ ಇಲ್ಲ, ಹುಡುಗಿಯ ಹತ್ತಿರವೂ ಇಲ್ಲ. ಅವ್ವ ಮಾತ್ರ ಮೊಮ್ಮಗಳು ಊರಿಗೆ ಬಂದಾಗಲೆಲ್ಲ ಪಕ್ಕ ಕೂರಿಸಿಕೊಂಡು ಆ ಭಾಷೆಯಲ್ಲಿ ನೀರಿಗೆ ಏನಂತಾರೆ ಅಂತ ಕೇಳ್ತಾಳೆ. ವಾಸರ್ ಅಂತಾರಜ್ಜಿ. ವಾಸರ್, ವಾಸರ್, ಅಂತ ಎರಡು ಸಲ ಅಂದು ಎಲೆಅಡಿಕೆ ಚೀಲಕ್ಕೆ ಕೈ ಹಾಕ್ತಾಳೆ.