ಯಾದವಗಿರಿಯ ಕಬ್ಬಿಣದ ತುಂಡು

ಮೈಸೂರಿಗೆ ಬರುವ ಪ್ರವಾಸಿಗರು ಅರಮನೆಯನ್ನು ನೋಡುತ್ತಾರೆ, ಚಾಮುಂಡಿ ಬೆಟ್ಟವನ್ನು ಏರುತ್ತಾರೆ, ಸಂಜೆಗೆ ಬೃಂದಾವನದ ಕಾರಂಜಿಗಳತ್ತ ಧಾವಿಸುತ್ತಾರೆ. ಯಾದವಗಿರಿಯ ಕಡೆಗೆ ಹೊರಳುವವರು ವಿರಳ. ಆದರೆ ನಮ್ಮ ರಸ್ತೆಗಳಲ್ಲಿ ಮೂರು ದಶಕಗಳಿಗೂ ಮೀರಿ ಮೊಳಗಿದ ಜಾವಾ ಮೋಟಾರು ಸೈಕಲ್ಲುಗಳು ಹುಟ್ಟಿದ್ದು ಅಲ್ಲಿಯೇ.

ಜಾವಾದ ತವರು ಚೆಕ್ ದೇಶ. ಪ್ರಾಗ್ ನಗರದ ಉದ್ಯಮಿ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಈ ಹೆಸರನ್ನಿಟ್ಟನು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಆರಂಭವಾಯಿತು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇತ್ತೀಚೆಗೆ ಗೆಳೆಯರೊಬ್ಬರೊಡನೆ ಆ ಬಡಾವಣೆಯ ಸಮೀಪದ ಒಂದು ಚಿಕ್ಕ ದುರಸ್ತಿ ಅಂಗಡಿಗೆ ಹೋಗಿದ್ದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ದೊರೆತ, ಬಾಗಿದ ಕಬ್ಬಿಣದ ತುಂಡೊಂದು ಗೆಳೆಯರ ಚೀಲದಲ್ಲಿತ್ತು. ಅದರ ಹೆಸರು ಹೇಳಬಲ್ಲವರು ಯಾರೂ ಸಿಕ್ಕಿರಲಿಲ್ಲ. ತೂಕಕ್ಕೆ ಹಾಕಿಬಿಡಿರೆಂಬ ಸಲಹೆ ಮಾತ್ರ ಧಾರಾಳವಾಗಿ ಸಿಕ್ಕಿತ್ತು.

ಅಂಗಡಿಯ ಯಜಮಾನರು ವೃದ್ಧರು. ಆ ಕಾರ್ಖಾನೆಯಲ್ಲಿಯೇ ದುಡಿದವರು. ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದರೇ ಹೊರತು ಅರ ಹಾಕಲಿಲ್ಲ. “ಉಜ್ಜಿದರೆ ಗುರುತು ಹೋಗುತ್ತೆ ಮೇಷ್ಟ್ರೇ,” ಎಂದರು. ಶಾಸನ ಓದುವವರ ಎಚ್ಚರವೂ ಇದೇ ಅಲ್ಲವೆ? ಅದರಲ್ಲಿ ಉಳಿದಿದ್ದ ಬೋಲ್ಟಿಗೆ ಮಿಲಿಮೀಟರು ಅಳತೆಯ ನಟ್ಟನ್ನು ತಿರುಗಿಸಿದರು, ಸಲೀಸಾಗಿ ಏರಿತು. ಹಳೆಯ ಇಂಗ್ಲಿಷ್ ಗಾಡಿಗಳ ತಿರುಪುಗಳು ಅಂಗುಲದ ಲೆಕ್ಕದವು. ಆದಕಾರಣ ಬಿ.ಎಸ್.ಎ., ಟ್ರಯಂಫ್‌ಗಳ ಶಂಕೆ ಬಹುಮಟ್ಟಿಗೆ ದೂರವಾಯಿತು.

ಬಳಿಕ ಅವರು ನಮ್ಮನ್ನೇ ಕೇಳಿದರು: “ಬರೀ ಗೇರು ಬದಲಾಯಿಸೋದಕ್ಕೆ ಇಷ್ಟು ದಪ್ಪ ಯಾಕೆ ಬೇಕು? ಕಿಕ್ ಹೊಡೆಯೋದಕ್ಕೇ ಆದರೆ ಇದು ಗಿಡ್ಡವಾಗಲಿಲ್ಲವೆ?” ನಾವು ನಿರುತ್ತರರಾದೆವು. ಅವರು ನಗುತ್ತ, ಬಾಗಿಲಲ್ಲಿ ನಿಂತಿದ್ದ ಜಾವಾದ ಎಡಭಾಗದಲ್ಲಿ, ದಂಡದ ಹಲ್ಲುಗಳಿಗೆ ಅದನ್ನು ಸೇರಿಸಿದರು. ಹಲ್ಲಿಗೆ ಹಲ್ಲು ಕೂಡಿತು. ಕಾಲಿನಿಂದ ಒತ್ತಿದಾಗ ಅದು ಗೇರಿನ ಸನ್ನೆ. ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸಿದಾಗ ಕಿಕ್! ಗೇರು ಬದಲಿಸಲು ಅದನ್ನು ಮೆಟ್ಟಿದೊಡನೆ ಕ್ಲಚ್ಚು ಕೂಡ ತಾನಾಗಿಯೇ ಬಿಡುವುದು ಈ ಗಾಡಿಯ ಇನ್ನೊಂದು ವೈಶಿಷ್ಟ್ಯ. ಒಂದೇ ತುಂಡು, ಮೂರು ಕಾರ್ಯ!

ಬಿಡಿಯಾಗಿದ್ದಾಗ ಅರ್ಥವಿಲ್ಲದ್ದು ತನ್ನ ನೆಲೆಗೆ ಸೇರಿದೊಡನೆ ಅರ್ಥವುಳ್ಳದ್ದಾಯಿತು. ಪ್ರತ್ಯಯವು ಪ್ರಕೃತಿಯನ್ನು ಸೇರಿ ಪದವಾಗುವಂತೆಯೇ ಇದು. ಆದರೆ ಪದಗಳಿಗೆ ನಿಘಂಟುಗಳಿವೆ. ಗೋಡೆಯುದ್ದಕ್ಕೂ ಸಾಲಾಗಿದ್ದ ತಗಡಿನ ಡಬ್ಬಿಗಳಲ್ಲಿ ತುಂಬಿದ್ದ ನೂರಾರು ತುಂಡುಗಳಲ್ಲಿ ಒಂದಕ್ಕೂ ಚೀಟಿಯಿರಲಿಲ್ಲ.

“ನನ್ನ ಕೈಗೆ ಎಲ್ಲವೂ ಗೊತ್ತು, ಬರೆದಿಟ್ಟಿಲ್ಲ,” ಎಂದರು ಯಜಮಾನರು. ಕಲಿಯಲು ಯಾರಾದರೂ ಬರುತ್ತಾರೆಯೇ ಎಂದು ಕೇಳಿದೆ. ಅವರು ತಲೆಯಾಡಿಸಿ, ಕೈ ಒರೆಸಿಕೊಂಡರು. ಆ ಕೈಗಳು ವಿಶ್ರಮಿಸಿದ ದಿನ, ಹೆಸರುಳ್ಳ ಈ ಅವಯವಗಳೆಲ್ಲವೂ ಮತ್ತೆ ಬರಿಯ ಕಬ್ಬಿಣವಾಗಿ ತಕ್ಕಡಿಯನ್ನೇರುವುದರಲ್ಲಿ ಸಂದೇಹವಿಲ್ಲ.

ಗೆಳೆಯರು ಹೊರಗೆ ಹೋಗಿ ರಟ್ಟನ್ನೂ ದಾರವನ್ನೂ ತಂದರು. ಯಜಮಾನರು ಒಂದೊಂದನ್ನೇ ಎತ್ತಿ ಹೆಸರು ಹೇಳತೊಡಗಿದರು, ನಾನು ಬರೆಯತೊಡಗಿದೆ. ದೀಪ ಹಚ್ಚುವ ಹೊತ್ತಿಗೆ ಎರಡು ಡಬ್ಬಿಗಳು ಮುಗಿದಿದ್ದವು. ಇನ್ನೂ ಇಪ್ಪತ್ತು ಉಳಿದಿವೆ.